ಮೂರು ಪಿಸ್ಟನ್ ತಿಂದಾಕಿ

ಇತ್ತೀಚೆಗೆ ನಮ್ಮ ಮನೆತನದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ದೂರದ ಸಂಬಂಧಿಯೊಬ್ಬ ನನ್ನ ಮಗಳನ್ನು ತನ್ನ ಹೆಂಡತಿಗೆ ಪರಿಚಯಿಸಿದ್ದು ಹೀಗೆ: "ಇಕೀನಽ ನೋಡು, ಮೂರು ಪಿಸ್ಟನ್ ತಿಂದಾಕಿ." ಹೋಳಿಗೆ ಬಡಿಸುತ್ತಿದ್ದವಳೂ ನಕ್ಕಳು. ಮಗಳೂ ನಕ್ಕಳು. ಅವಳಿಗೆ ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ, ಇಂಥ ಮಾತನ್ನು ನಕ್ಕು ದಾಟಿಸುವ ಪೇಶನ್ಸ್ ಬಂದಿದೆ. ನನಗೆ ಬಂದಿಲ್ಲ. ಎಲೆಯ ಮುಂದಿನಿಂದ ಎದ್ದುಬಿಡಬೇಕು ಅನಿಸಿತು. ಮೊಣಕಾಲು ಕೇಳಲಿಲ್ಲ, ಕೂತೆ. ಕೂತಲ್ಲೇ ಇದನ್ನು ಬರೆಯಬೇಕೆಂದು ನಿಶ್ಚಯ ಮಾಡಿದೆ.

ನನ್ನ ಮಗಳು ಒಂದೂ ಪಿಸ್ಟನ್ ತಿಂದಿಲ್ಲ. ತಿನ್ನಿಸಿದವರು ಬೇರೆ ಇದ್ದರು. ಅದನ್ನು ನೋಡಿಯೂ ಬಾಯಿ ಮುಚ್ಚಿಕೊಂಡು ಕೂತವರು ಇನ್ನೊಬ್ಬರಿದ್ದರು, ಅವರು ನನ್ನ ಗಂಡ. ಅವರು ಹೋಗಿ ಎಷ್ಟೋ ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ನಾನು ರಾಮದುರ್ಗದವಳು. ಅಪ್ಪ ನನ್ನನ್ನು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿಟ್ಟು ಓದಿಸಿ, ಓದು ಮುಗಿದ ಕೂಡಲೇ ಬೈಲಹೊಂಗಲದ ಗಾಣದ ಮನೆಗೆ ಕೊಟ್ಟರು. ಎತ್ತು ತಿರುಗಿಸುವ ಗಾಣ ಹೋಗಿ ಕರೆಂಟಿನ ಮಿಲ್ಲು ಬಂದು ಬಹಳ ಕಾಲವಾಗಿತ್ತು, ಆದರೂ ಊರಿನ ಬಾಯಲ್ಲಿ ಅದು ಗಾಣದ ಮನೆಯೇ. ಮುಂದೆ ಮಿಲ್ಲು, ಹಿಂದೆ ಮನೆ, ನಡುವೆ ಒಂದು ಅಂಗಳ. ಶೇಂಗಾ, ಕುಸುಬಿ, ಹಂಗಾಮಿನಲ್ಲಿ ಔಡಲ. ಔಡಲೆಣ್ಣೆ ಅಂದರೆ ಹರಳೆಣ್ಣೆ, ನಮ್ಮ ಸಿಸ್ಟರುಗಳ ಕ್ಯಾಸ್ಟರ್ ಆಯಿಲ್. ಆ ಮನೆಗೆ ಒಂದು ನೇಮವಿತ್ತು: ಗಾಣದ ಮನೆಗೆ ಹೊರಗಿನ ಎಣ್ಣೆ ಬರಬಾರದು. ಬಂದರೆ ಗಾಣದ ಲಕ್ಷ್ಮಿ ಮುನಿಸಿಕೊಂಡು ಎದ್ದು ಹೋಗುತ್ತಾಳೆ. ಒಗ್ಗರಣೆಯ ಎಣ್ಣೆ, ದೀಪದ ಎಣ್ಣೆ, ಬಾಣಂತಿಗೆ ತಿಕ್ಕುವ ಎಣ್ಣೆ, ಎಲ್ಲ ನಮ್ಮದೇ. ನಾನು ಮದುವೆಯಾಗಿ ಬಂದ ದಿನ ಟ್ರಂಕಿನಲ್ಲಿ ಮಲ್ಲಿಗೆ ವಾಸನೆಯ ಒಂದು ಹೇರ್ ಆಯಿಲ್ ಬಾಟಲಿ ತಂದಿದ್ದೆ. ಹೊಸ್ತಿಲ ಹೊರಗೇ ಇಡಿಸಿದರು. ಮರುದಿನ ನೋಡಿದರೆ ಅಲ್ಲಿರಲಿಲ್ಲ. ಅದರ ನೀಲಿ ಮುಚ್ಚಳ, ಅದನ್ನು ತಿರುಗಿಸಿದಾಗ ಬರುತ್ತಿದ್ದ ವಾಸನೆ, ನನ್ನ ಬೋರ್ಡಿಂಗಿನ ಗೆಳತಿಯರೆಲ್ಲ ಅದರೊಳಗೇ ಇದ್ದಂತೆ ಇವತ್ತಿಗೂ ನೆನಪಾಗುತ್ತದೆ. ಇರಲಿ. ಹೇರ್ ಆಯಿಲ್ ಹೋದರೆ ಯಾರೂ ಸಾಯುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮವರು ಕೊಲ್ಹಾಪುರಕ್ಕೆ ಎಣ್ಣೆ ತೆಗೆದುಳಿದ ಹಿಂಡಿಯ ವ್ಯಾಪಾರಕ್ಕೆ ಹೋದವರು ಒಂದು ಮೋಟರ್ ಸೈಕಲ್ಲನ್ನು ಲಾರಿಯಲ್ಲಿ ಹಾಕಿಕೊಂಡು ಬಂದರು. ಮಣ್ಣಿನ ರೇಸಿನಲ್ಲಿ ಓಡಿದ ಟೂ-ಸ್ಟ್ರೋಕ್ ಗಾಡಿ. ಮಡ್‌ಗಾರ್ಡು ಎದೆಯ ಮಟ್ಟಕ್ಕೆ, ಟೈರಿನ ತುಂಬ ಗುಬ್ಬಿಗುಬ್ಬಿ ಹಲ್ಲು, ಸೈಲೆನ್ಸರು ಸೀಟಿನ ಪಕ್ಕದಲ್ಲಿ ಮೇಲೆದ್ದು ನಿಂತದ್ದು. ತಮಗೇ ಎಂದು ತಂದದ್ದು, ಆದರೆ ಒಂದು ಸಲ ಹೊಲದ ಬದುವಿನ ಮೇಲೆ ಹಾರಿಸಲು ಹೋಗಿ ಸೊಂಟ ಹಿಡಿಸಿಕೊಂಡ ಮೇಲೆ ಅದು ಮಗಳದಾಯಿತು. ಅವಳು ಆಗ ಕಾಲೇಜಿನಲ್ಲಿದ್ದಳು. ಅವಳಿಗೆ ಕ್ಲಚ್ಚು ಗೇರು ಕಲಿಸಿದವರು ಅವರೇ. ಕೊಯ್ದ ಜೋಳದ ಹೊಲದಲ್ಲಿ ಅವಳು ಸುತ್ತು ಹಾಕುತ್ತಿದ್ದರೆ ಬದುವಿನ ಮೇಲೆ ನಿಂತು "ಬಗ್ಗು! ಟರ್ನಿನ್ಯಾಗ ಬಗ್ಗು!" ಎಂದು ಚಿಕ್ಕ ಹುಡುಗನಂತೆ ಕೂಗುತ್ತಿದ್ದರು. ನಾನು ಅವರನ್ನು ಅಷ್ಟು ಖುಷಿಯಾಗಿ ನೋಡಿದ್ದು ಕಡಿಮೆ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯ ಬೇರೆ ಕೋಣೆ ಇರುವುದಿಲ್ಲ. ಪೆಟ್ರೋಲಿನಲ್ಲೇ ಟೂ-ಟಿ ಎಣ್ಣೆ ಕಲಸಿ ಕುಡಿಸಬೇಕು. ಪೆಟ್ರೋಲು ಉರಿಯುತ್ತದೆ, ಎಣ್ಣೆ ಪಿಸ್ಟನ್ ಜಾರುವಂತೆ ನೋಡಿಕೊಳ್ಳುತ್ತದೆ. ಎಣ್ಣೆ ತಪ್ಪಿದರೆ ಪಿಸ್ಟನ್ ಕಾದು, ಹಿಗ್ಗಿ, ಬೋರಿನ, ಅಂದರೆ ತಾನು ಓಡಾಡುವ ಕೊಳವೆಯ, ಗೋಡೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಈ ಎಣ್ಣೆ ಕಲಸುವ ಕೆಲಸವನ್ನು ಭಾವನವರು, ಅಂದರೆ ನಮ್ಮವರ ಅಣ್ಣ, ತಾವೇ ವಹಿಸಿಕೊಂಡರು. ಮಿಲ್ಲಿನ ಯಜಮಾನಿಕೆ ಅವರದು. "ಅಡಗಿಮನಿ ಬಾಜೂಕ ಪೆಟ್ರೋಲ್ ಇಡೂದು ಬ್ಯಾಡ. ಮಿಲ್ಲಿನ ಗೋಡಾವಿನ್ಯಾಗ ಕ್ಯಾನ್ ಇರಲಿ. ಎಣ್ಣಿ ಅಳ್ಯೂದು ನಮಗ ಯಾರೂ ಕಲಸಬೇಕಾಗಿಲ್ಲ," ಎಂದರು. ಸರಿಯಾದ ಮಾತೇ ಅನಿಸಿತು. ನಾವು ಪೆಟ್ರೋಲನ್ನೂ ಟೂ-ಟಿ ಎಣ್ಣೆಯ ಡಬ್ಬಿಯನ್ನೂ ಅವರ ಕೈಗೆ ಕೊಡುತ್ತಿದ್ದೆವು, ಕಲಸಿದ ಕ್ಯಾನು ಮಿಲ್ಲಿನ ಸರಕಿನ ಕೋಣೆಯಾದ ಆ ಗೋಡಾವಿನಲ್ಲಿ ಸಿದ್ಧವಿರುತ್ತಿತ್ತು.

ಮೊದಲ ಸಲ ಗಾಡಿ ನಿಂತದ್ದು ಕಿತ್ತೂರಿನ ದಾರಿಯಲ್ಲಿ. ಮಳೆ ಬಿಟ್ಟ ಮರುದಿನದ ಥಂಡಿಯಲ್ಲಿ ಬೆಳಿಗ್ಗೆ ಬೇಗ ಹೊರಟಿದ್ದಳು. ಕೋಟೆ ಕಾಣುವ ಮೊದಲೇ ಎಂಜಿನ್ನು ಕಿರ್ ಎಂದು ಕೂಗಿ ನಿಂತಿತಂತೆ. ಕಿಕ್ ಹೊಡೆದರೆ ಕಲ್ಲಿಗೆ ಒದ್ದಂತೆ. ತಳ್ಳಿಕೊಂಡು ಕಿತ್ತೂರಿನವರೆಗೆ ಹೋದಳು. ಚಹಾ ಅಂಗಡಿಯ ಮುಂದೆ ಕೂತ ಗಂಡಸರು "ತಂಗೀ, ಹುಲ್ಲ ಹಾಕಿದ್ದಿಲ್ಲೇನ?" ಎಂದು ಕೇಳಿದರಂತೆ. ಅವಳು "ಹಾಕಿದ್ನಿ ಅಣ್ಣಾ, ನಿಮ್ಮಂಗ ಕುಂತ ತಿಂದು ಮಲಗೇತಿ," ಎಂದು ಹೇಳಿ ಬಂದಳು. ಬಂದು ನನ್ನ ಮುಂದೆ ಅತ್ತಳು.

ಬೈಲಹೊಂಗಲದ ಮೆಕ್ಯಾನಿಕ್ ಹೆಡ್ಡು ಬಿಚ್ಚಿದ. ನಾನೂ ಹೋಗಿದ್ದೆ.

"ಅಕ್ಕಾರ, ಬೋರ್ ಸೀಜ್ ಆಗೇತ್ರಿ. ಪಿಸ್ಟನ್ ಕಾದು ಒಳಗ ಕಚ್ಚಗೊಂಡೇತಿ, ರೊಟ್ಟಿ ಹಂಚಿಗೆ ಹತ್ತಿದಂಗ."

"ಯಾಕ ಕಾದ್ತು?"

ನನಗೆ ಉತ್ತರ ಕೊಡದೆ ಅವನು ನಮ್ಮವರ ಕಡೆ ತಿರುಗಿದ. "ಸಾವಕಾರ್ರ, ತಂಗಿಯಾರು ಎಕ್ಸ್‌ಲೇಟರ್ ಭಾಳ ಜಗ್ಗತಾರ ಕಾಣ್ತೇತಿ. ಹೆಣ್ಮಕ್ಕಳ ಕೈ, ತಿಳಿಯಾಂಗಿಲ್ಲರಿ."

"ಹೆಣ್ಮಕ್ಕಳಿಗೆ ಬ್ಯಾರೆ ಮುಂಗೈ ಇರತೈತೇನ?" ಮಗಳು ಕೇಳಿದಳು. "ನಾ ಜಗ್ಗೇ ಇಲ್ಲ. ನಿಧಾನ ಹೊಂಟಿದ್ನಿ."

"ಅದಽ ತಪ್ಪು ತಂಗಿ. ನಿಧಾನ ಹೋದ್ರೂ ಸೀಜ್ ಆಗತೈತಿ."

ಜೋರು ಹೋದರೂ ತಪ್ಪು, ನಿಧಾನ ಹೋದರೂ ತಪ್ಪು. ನನಗೆ ಅಲ್ಲೇ ಮೈ ಉರಿಯಿತು. ನಮ್ಮವರು ಗಾಡಿಯ ಹಲ್ಲುಹಲ್ಲಿನ ಟೈರನ್ನೇ ನೋಡುತ್ತ ನಿಂತಿದ್ದರು.

ಹೊಸ ಪಿಸ್ಟನ್ ಬಂತು. ನಡುವೆ ಥಂಡಿ ಇರಲಿಲ್ಲ, ಕೆಲವು ವಾರ ಸರಿಯಾಗಿ ಓಡಿತು. ಆಮೇಲೆ ಸವದತ್ತಿಯ ದಾರಿಯಲ್ಲಿ, ಮನೋಳಿಯ ಹತ್ತಿರ, ಮತ್ತೆ ಬೆಳಗಿನ ಹೊತ್ತು, ಮತ್ತೆ ಅದೇ ಕಿರ್. ಈ ಸಲ ಬಿಚ್ಚಿದಾಗ ಪಿಸ್ಟನ್ನಿನ ತಲೆಯ ಮೇಲೆ ಬೆಲ್ಲದ ಪಾಕ ಹತ್ತಿದಂತೆ ಕಂದು ಅಂಟು ಕೂತಿತ್ತು. ಮೆಕ್ಯಾನಿಕ್ ಅದನ್ನು ಉಗುರಿನಿಂದ ಕೆರೆದು, "ಟೂ-ಟಿ ಎಣ್ಣಿ ಡೂಪ್ಲಿಕೇಟ್ ಐತ್ರಿ. ಬೆಳಗಾವಿಯಿಂದ ತುಟ್ಟೀದು ತರಸ್ರಿ," ಎಂದ. ಅಷ್ಟಕ್ಕೇ ಬಿಟ್ಟನೇ? ಪಿಸ್ಟನ್ನಿನ ಜೊತೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಇಳಿಯುವ ಜೆಟ್ಟು ಬದಲಿಸಿದ, ಪ್ಲಗ್ಗು ಬದಲಿಸಿದ, ಕ್ರ್ಯಾಂಕಿನ ಸೀಲು ಬದಲಿಸಿದ, ಸೈಲೆನ್ಸರು ಕಾಸಿ ತೊಳೆದ. ಎಲ್ಲ ಒಂದೇ ದಿನ. ಒಂದೂ ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ರೋಗ ತಿಳಿಯದ ಡಾಕ್ಟರು ಬಣ್ಣಬಣ್ಣದ ಗುಳಿಗೆ ಕೊಟ್ಟ ಹಾಗೆ. ನಾವು ಬೆಳಗಾವಿಯಿಂದ ತುಟ್ಟಿಯ ಡಬ್ಬಿ ತರಿಸಿ ಮತ್ತೆ ಭಾವನವರ ಕೈಗೇ ಕೊಟ್ಟೆವು.

ಊಟಕ್ಕೆ ಕೂತಾಗ ಭಾವನವರು ಶುರುಮಾಡಿದರು. "ನಮ್ಮ ಎತ್ತಿನ ಬಂಡಿ ನಾಕ ತಲಿಮಾರ ದುಡದಾವು. ಒಂದರೆ ಸೀಜ್ ಆಗಿತ್ತೇನ?"

"ಬಂಡಿಗೆ ಎಂಜಿನ್ ಇರಲಿಲ್ಲಲ್ಲ ದೊಡ್ಡಪ್ಪಾ," ಎಂದಳು ಮಗಳು.

"ಎಂಜಿನ್ ಅಲ್ಲವಾ. ಓಡ್ಸಾವ್ರು ಗಂಡಸರಿದ್ರು."

ಎಲ್ಲರೂ ನಕ್ಕರು. ನಮ್ಮವರು ನಗದೆ ಸಾರು ಸುರಿದುಕೊಂಡರು. ಅವರ ಈ ಸಾರು ಸುರಿದುಕೊಳ್ಳುವ ಸೈಲೆನ್ಸು ನನಗೆ ಮದುವೆಯಾದ ವರ್ಷದಿಂದ ಗೊತ್ತಿತ್ತು. ಅಣ್ಣನ ಎದುರು ಅವರು ಎಂದೂ ದನಿ ಎತ್ತಿದವರಲ್ಲ. ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

ದೀಪಾವಳಿಯ ರಜೆಗೆ ನಾನು ಮಗಳನ್ನು ಕರೆದುಕೊಂಡು ತವರಿಗೆ ಹೋದೆ. ಮಿಲ್ಲಿನ ಲಾರಿ ರಾಮದುರ್ಗಕ್ಕೆ ಹೊರಟಿತ್ತು, ಗಾಡಿಯನ್ನೂ ಅದರಲ್ಲೇ ಹಾಕಿದೆವು. ಟ್ಯಾಂಕು ಖಾಲಿ ಮಾಡಿ ಮಲಗಿಸಿ ಕಟ್ಟಿದ್ದರು. ರಾಮದುರ್ಗದಲ್ಲಿ ಅವಳು ಬಂಕಿನಲ್ಲಿ ಪೆಟ್ರೋಲು ಹಾಕಿಸಿ, ಅಲ್ಲೇ ಟೂ-ಟಿ ಎಣ್ಣೆ ಬೆರೆಸಿಕೊಂಡು ಓಡಾಡಿದಳು. ರಜೆ ಮುಗಿಯುವವರೆಗೆ ಸಾಲಹಳ್ಳಿಯ ಎರೆಮಣ್ಣಿನ ದಾರಿಗಳಲ್ಲಿ ಬೆಳಗು ಬೈಗು ಒಂದಾಗಿ ತಿರುಗಿದಳು. ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಅಲ್ಲಿಯೇ ಅವಳಿಗೆ ಗೊತ್ತಾಯಿತು, ಮುಂದಿನ ತಿಂಗಳು ಸಾಲಹಳ್ಳಿಯ ಬೀಳು ಹೊಲದಲ್ಲಿ ಮಣ್ಣಿನ ರೇಸು ಇದೆ ಎಂದು. ಹೆಸರು ಕೊಟ್ಟು ಬಂದಳು. ಹೆಸರು ಬರೆದುಕೊಂಡವರು "ಅಣ್ಣನ ಹೆಸರೇನವಾ?" ಎಂದರಂತೆ. "ಓಡ್ಸಾಕಿ ನಾನಽ," ಎಂದಳಂತೆ.

ಊರಿಗೆ ಬಂದಾಗ ಭಾವನವರು, "ತವರಮನಿ ನೀರು ಹೆಣ್ಮಕ್ಕಳಿಗಷ್ಟಽ ಅಲ್ಲ, ಗಾಡಿಗೂ ಹಿಡಸೇತಿ," ಎಂದು ಹಾಸ್ಯ ಮಾಡಿದರು. ಕೆಲವೇ ದಿನದಲ್ಲಿ ಗಾಡಿ ಮತ್ತೆ ಸೀಜ್ ಆಯಿತು. ನವಿಲುತೀರ್ಥದ ಡ್ಯಾಮಿನ ಏರಿನಲ್ಲಿ, ಓಟದಲ್ಲಿದ್ದಾಗಲೇ ಹಿಂದಿನ ಗಾಲಿ ಲಾಕ್ ಆಗಿ ಅವಳನ್ನು ರಸ್ತೆಯ ಪಕ್ಕದ ಜಲ್ಲಿಯ ಮೇಲೆ ಎಸೆಯಿತು. ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಲಿದಿತ್ತು. ಹಿಂದೆ ಲಾರಿ ಬರುತ್ತಿದ್ದರೆ? ನೀರಾವರಿ ಕೆಲಸಕ್ಕೆ ಹೊರಟಿದ್ದ ಹೆಂಗಸರು ಎತ್ತಿ ಕೂಡಿಸಿ, ಸೀರೆಯ ಸೆರಗಿನಿಂದ ರಕ್ತ ಒರೆಸಿ, ಬಸ್ಸು ಹತ್ತಿಸಿದರು. ಅವರ್ಯಾರೂ "ಹೆಣ್ಣ ಕೈ" ಎನ್ನಲಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಹುಡುಗಿಯ ಮುಂದೆ ಭಾವನವರು ತೀರ್ಪು ಹೇಳಿದರು. "ಇಷ್ಟಕ್ಕ ಮುಗೀತು. ಔಷಧ ಹೊಡಿಯೋ ಪಂಪಿನಾಂವ ಒಬ್ಬ ಕೇಳ್ಯಾನ, ಎಂಜಿನ್ ಬಿಚ್ಚಿ ಪಂಪಿಗೆ ಹಾಕ್ಕೋತಾನಂತ. ಸೋಮವಾರ ಬಂದು ತಗೊಂಡ ಹೋಗತಾನ. ಮೂರು ಪಿಸ್ಟನ್ ತಿಂದಳು, ಇನ್ನ ತನ್ನ ಕೈಕಾಲು ತಿಂತಾಳ."

ಆ ಮಾತು ಹುಟ್ಟಿದ್ದು ಅವತ್ತು. ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಎದ್ದು ಚಪ್ಪಲಿ ಹುಡುಕಿದರು.

ನನಗೆ ಗಾಡಿಯ ಮೇಲೆ ಪ್ರೀತಿ ಇರಲಿಲ್ಲ. ಸುಳ್ಳು ಯಾಕೆ, ಅದು ಮನೆ ಬಿಟ್ಟು ಹೋದರೆ ನಿದ್ದೆ ಬರುತ್ತಿತ್ತು. ಆದರೆ ಅದು ಹೀಗೆ ಹೋಗಕೂಡದು. ಇದು ನಿನ್ನ ಕೈಯ ತಪ್ಪು, ನೀನು ಹೆಣ್ಣು, ಅದಕ್ಕೇ ಎಂಬ ಮಾತು ಹೊತ್ತುಕೊಂಡು ಅವಳು ಗಾಡಿಯಿಂದ ಇಳಿಯಕೂಡದು. ಅದೊಂದು ಮಾತು ಒಳಗಿಳಿದರೆ ಮುಂದೆ ಅವಳು ಸ್ಟಿಯರಿಂಗ್ ಹಿಡಿಯಲಿ, ಮನೆತನ ಹಿಡಿಯಲಿ, ಏನು ಕೆಟ್ಟರೂ ಮೊದಲು ತನ್ನ ಕೈಯನ್ನೇ ನೋಡಿಕೊಳ್ಳುತ್ತಾಳೆ. ನನ್ನ ಕೈಯನ್ನು ನಾನು ಹಾಗೇ ನೋಡಿಕೊಂಡಿದ್ದೆನಲ್ಲ, ಎಷ್ಟು ವರ್ಷ!

ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಹೇಳುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಲ್ಯಾಬಿನಲ್ಲಿ ನಾವು ಎರಡು ಬಾಟಲಿ ಒಟ್ಟಿಗೆ ಎತ್ತಿಕೊಂಡರೆ ಕೈಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು. "ಒನ್ ಥಿಂಗ್ ಅಟ್ ಎ ಟೈಮ್, ಗರ್ಲ್ಸ್! ಅದರ್‌ವೈಸ್ ಯು ಲರ್ನ್ ನಥಿಂಗ್." ಆ ಪೆಟ್ಟಿನ ನೆನಪೇ ನನ್ನನ್ನು ಮಗಳ ಮಂಚದ ಪಕ್ಕ ಕೂಡಿಸಿತು.

"ಅಳಬ್ಯಾಡ. ಥಿಂಕ್. ಗಾಡಿ ನಿಂತಾಗೆಲ್ಲ ಏನಽ ಒಂದಽ ಥರ ಇತ್ತು?"

"ನಾನಿದ್ನಿ," ಎಂದಳು, ಗೋಡೆಯ ಕಡೆ ಮುಖ ಮಾಡಿ.

"ರಾಮದುರ್ಗದಾಗೂ ನೀನಽ ಇದ್ದಿ. ಅಲ್ಲೆ ನಿಲ್ಲಲಿಲ್ಲ. ಅಂದಮ್ಯಾಲೆ ನೀ ಅಲ್ಲ. ಮುಂದ?"

ಅವಳು ನಿಧಾನವಾಗಿ ಇತ್ತ ತಿರುಗಿದಳು. ನಾವು ಒಂದೊಂದನ್ನೇ ತೆಗೆದು ನೋಡಿದೆವು. ಜೆಟ್ಟು? ಹಳೆಯ ಜೆಟ್ಟಿನಲ್ಲೂ ನಿಂತಿತ್ತು, ಹೊಸದರಲ್ಲೂ ನಿಂತಿತು. ಪ್ಲಗ್ಗು, ಸೀಲು, ಅದೇ ಕಥೆ. ಏರು? ಕಿತ್ತೂರಿನ ದಾರಿಯಲ್ಲಿ ಅಂಥ ಏರು ಎಲ್ಲಿದೆ? ಧೂಳು? ಸಾಲಹಳ್ಳಿಯಷ್ಟು ಧೂಳು ಎಲ್ಲೂ ಇಲ್ಲ. ಹೊತ್ತು? ಮೂರು ಸಲವೂ ಬೆಳಗಿನ ಥಂಡಿಯಲ್ಲಿ, ಮನೆ ಬಿಟ್ಟ ಮೊದಲ ಓಟದಲ್ಲೇ. ಮಧ್ಯಾಹ್ನ ಎಂದೂ ನಿಂತಿಲ್ಲ.

"ಆದ್ರ ರಾಮದುರ್ಗದಾಗೂ ನಸುಕಿನ್ಯಾಗ ಓಡಿಸೀನಿ ಅವ್ವಾ. ಅಲ್ಲೂ ಥಂಡಿ ಇತ್ತು," ಎಂದಳು. ಆಮೇಲೆ ಎದ್ದು ಕೂತಳು. "ಅಲ್ಲೆ ಬಂಕಿನ ಪೆಟ್ರೋಲ್ ಹಾಕಸ್ತಿದ್ನಿ. ಇಲ್ಲೆ ಕ್ಯಾನಿಂದು."

ಉಳಿದದ್ದು ಕ್ಯಾನು ಒಂದೇ.

ಸಂಜೆ ಭಾವನವರು ಹೊರಗೆ ಹೋದಾಗ ನಾನು ಗೋಡಾವಿಗೆ ಹೋಗಿ, ಕ್ಯಾನನ್ನು ಚೆನ್ನಾಗಿ ಅಲುಗಾಡಿಸಿ, ಉಪ್ಪಿನಕಾಯಿಯ ಒಂದು ಗಾಜಿನ ಭರಣಿಗೆ ಪೆಟ್ರೋಲು ಬಗ್ಗಿಸಿಕೊಂಡೆ. ಸ್ವಲ್ಪ ಮಬ್ಬಾದ ಒಂದೇ ಬಣ್ಣ. ಮುಚ್ಚಳ ಬಿಗಿದು ಮಾಳಿಗೆಯ ಮೇಲೆ, ಇಬ್ಬನಿ ಬೀಳುವಲ್ಲಿ ಇಟ್ಟೆ. ಬೆಳಿಗ್ಗೆ ಮಗಳೂ ನಾನೂ ಹತ್ತಿ ನೋಡಿದರೆ ಭರಣಿಯಲ್ಲಿ ಒಂದರ ಮೇಲೊಂದು ಎರಡು ಪದರ ನಿಂತಿದ್ದವು. ಮೇಲೆ ತಿಳಿ ಪೆಟ್ರೋಲು. ತಳದಲ್ಲಿ ಹಳದಿ ಛಾಯೆಯ, ಜೇನಿನಂಥ ದಪ್ಪ ಎಣ್ಣೆ. ಭರಣಿ ಓರೆ ಮಾಡಿದರೆ ಅದು ಸೋಮಾರಿಯಂತೆ ಹರಿಯಿತು. ಮೇಲಿನದನ್ನು ಚೆಲ್ಲಿ, ತಳದ್ದನ್ನು ಬೆರಳಿಗೆ ಹಚ್ಚಿಕೊಂಡು ಪೆಟ್ರೋಲು ಆರುವವರೆಗೆ ಬಿಸಿಲಿಗೆ ಹಿಡಿದು ಮೂಸಿದೆ. ಬೋರ್ಡಿಂಗಿನಲ್ಲಿ ತಿಂಗಳಿಗೊಮ್ಮೆ ಸಾಲಾಗಿ ನಿಲ್ಲಿಸಿ, ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದ ಚಮಚದ ವಾಸನೆ. ಔಡಲೆಣ್ಣೆ. ನಮ್ಮ ಗಾಣದ್ದು.

ಎಲ್ಲ ಒಮ್ಮೆಲೇ ತಿಳಿಯಿತು. ಬಿಸಿಲಿನಲ್ಲಿ ಅಲುಗಾಡಿದಾಗ ಅದು ಪೆಟ್ರೋಲಿನಲ್ಲಿ ಹೇಗೋ ಬೆರೆತಿರುತ್ತಿತ್ತು. ಥಂಡಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತಿತ್ತು. ಬೆಳಿಗ್ಗೆ ಗಾಡಿ ಎಬ್ಬಿಸಿದರೆ ಮೊದಲು ತಳದ ಅಂಟೇ ಇಳಿದು ಕಾರ್ಬುರೇಟರಿನ ಸೂಜಿಗಣ್ಣಿನಂಥ ತೂತಿಗೆ ಅಡ್ಡ ಕೂರುವುದು. ಅದರ ಹಿಂದೆ ತೊಟ್ಟಿಕ್ಕುವ ಪೆಟ್ರೋಲಿನಲ್ಲಿ ಎಣ್ಣೆಯ ಅಂಶವೇ ಇಲ್ಲ. ಒಣ ಪಿಸ್ಟನ್ ಎಷ್ಟು ದೂರ ಓಡೀತು? ಹೊರಗಿನ ಎಣ್ಣೆ ಬರಬಾರದೆಂಬ ನೇಮ ಎಂಜಿನ್ ಆಯಿಲಿಗೂ ಹತ್ತುತ್ತದೆ ಎಂದು ಯಾರಿಗೆ ಹೊಳೆಯಬೇಕು! ನಮ್ಮ ಟ್ರ್ಯಾಕ್ಟರಿನ ಎಣ್ಣೆ ಡಬ್ಬಿಗಳು ಯಾವಾಗಲೂ ಹೊಲದ ಶೆಡ್ಡಿನಲ್ಲೇ ಇರುತ್ತಿದ್ದವು, ಮನೆಗೆ ಬರುತ್ತಿರಲಿಲ್ಲ. ಅದು ಯಾಕೆಂದು ನಾನು ಕೇಳಿಯೇ ಇರಲಿಲ್ಲ. ಇನ್ನು ವಾಸನೆಯ ಮಾತೇ? ನಮ್ಮ ಅಂಗಳದ ಕಲ್ಲಿಗೂ ಎಣ್ಣೆಯ ವಾಸನೆ. ಯಾರ ಮೂಗು ಎಚ್ಚರವಾಗಬೇಕು?

ಭರಣಿ ಹಿಡಿದುಕೊಂಡು ಕೆಳಗಿಳಿದೆ. ನಮ್ಮವರು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದರು. ಭರಣಿಯನ್ನು ಅವರ ಮುಂದೆ ಬಾವಿಯ ಕಟ್ಟೆಯ ಮೇಲೆ ಇಟ್ಟೆ.

"ಏನಿದು ನೋಡ್ರಿ."

ನೋಡಿದರು. ಏನೆಂದು ಕೇಳಲಿಲ್ಲ. ಮೂಸಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಿದರು. ಆ ಕೇಳದೇ ಇದ್ದದ್ದೇ ನನಗೆ ಎಲ್ಲ ಹೇಳಿಬಿಟ್ಟಿತು.

"ನಿಮಗ ಗೊತ್ತಿತ್ತು."

"ಅಣ್ಣ ಹಾಕೂದು ಒಮ್ಮೆ ನೋಡಿದ್ನಿ," ಎಂದರು. "ಡಬ್ಬಿ ತಂದಾಗೆಲ್ಲ ಲಾರಿ ಡ್ರೈವರಗ ಕೊಟ್ಟಬಿಡತಿದ್ದ. ಬಂಡಿ ಅಚ್ಚಿಗಿ ನಮ್ಮ ಔಡಲೆಣ್ಣೀನಽ ಹಾಕತಿದ್ವಿ, ಇದಕ್ಕೂ ನಡೀತೈತಿ ಅಂದ. ರೇಸಿನವ್ರೂ ಮೊದಲ ಔಡಲೆಣ್ಣಿ ಹಾಕತಿದ್ರು ಅಂತ ಎಲ್ಲೋ ಕೇಳಿದ್ದ."

"ಯಾವಾಗ ನೋಡಿದ್ರಿ?"

ಚೊಂಬಿನಲ್ಲಿ ಮತ್ತೆ ನೀರು ತುಂಬಿಕೊಂಡರು.

"ಯಾವಾಗ ನೋಡಿದ್ರಿ, ಹೇಳ್ರಿ."

"ಕಿತ್ತೂರ ಆದಮ್ಯಾಲೆ."

ಅಂದರೆ ಮನೋಳಿಗಿಂತ ಮೊದಲು. ಡ್ಯಾಮಿನ ಏರಿಗಿಂತ ಮೊದಲು. ಮಗಳು ಹಿತ್ತಲ ಬಾಗಿಲಲ್ಲಿ, ಪಟ್ಟಿ ಕಟ್ಟಿದ ಕೈ ಎದೆಗೆ ಅವುಚಿಕೊಂಡು ನಿಂತು ಎಲ್ಲ ಕೇಳಿದಳು. ಅಪ್ಪನನ್ನು ಒಂದೇ ಮಾತು ಕೇಳಿದಳು: "ನಾ ಬಿದ್ದ ಬಂದ ದಿನಾನೂ ಹೇಳಬೇಕ ಅನಸಲಿಲ್ಲೇನ ಅಪ್ಪಾ?"

"ಎಣ್ಣೀಲಿಂದಽ ಅಂತ ನನಗೇನ ಖಾತ್ರಿ ಇತ್ತು ಮಗಳ? ಮತ್ತ ಅಣ್ಣನ ಮುಂದ ಎಲ್ಲಾರ ಎದುರಿಗೆ..."

"ಅವಳ ಕೈ ಅಂತ ಅನ್ನಾಕ ಎಲ್ಲಾರಿಗೂ ಖಾತ್ರಿ ಇತ್ತಲ್ಲ!" ಎಂದು ನಾನು ಕೂಗಿದೆ. "ಅದಕ್ಕ ಯಾರೂ ಪ್ರೂಫ್ ಕೇಳಲಿಲ್ಲಲ್ಲ!"

ಭಾವನವರ ಮೇಲೆ ಕೂಡ ಅಷ್ಟು ಸಿಟ್ಟು ಬಂದಿರಲಿಲ್ಲ. ಅವರು ತಮ್ಮ ಎಣ್ಣೆಯನ್ನು ನಂಬಿದ್ದರು, ಮೂರ್ಖತನವಾದರೂ ನಂಬಿಕೆ. ಇವರು ಏನನ್ನು ನಂಬಿದ್ದರು? ಬದುವಿನ ಮೇಲೆ ನಿಂತು ಬಗ್ಗು ಬಗ್ಗು ಎಂದು ಕೂಗಿದವರು! "ನಿಮ್ಮ ಅಣ್ಣನವರಿಗೆ ನೀವಽ ಹೇಳಬೇಕು. ಗಾಡಿ ಕೆಡಿಸಿದ್ದು ಹುಡುಗ್ಯಲ್ಲ, ನಮ್ಮ ಎಣ್ಣಿ ಅಂತ. ಎಲ್ಲಾರ ಎದುರಿಗೆ," ಎಂದೆ. "ಹೇಳತೇನಿ. ಹೊತ್ತ ನೋಡಿ ಹೇಳತೇನಿ," ಎಂದರು.

ಅವರು ಮಾಡಿದ್ದೇನು ಗೊತ್ತೇ? ಸೋಮವಾರಕ್ಕೆ ಮೊದಲೇ ಗಾಡಿಯನ್ನು ಲಾರಿಗೆ ಹತ್ತಿಸಿ, ಅಣ್ಣನಿಗೆ "ರಾಮದುರ್ಗದಾಗ ಇನ್ನೂ ಛಲೋ ಗಿರಾಕಿ ಅದಾನ, ಅಲ್ಲೇ ಮಾರಿ ಬರತೇನಿ," ಎಂದರು. ಮಗಳನ್ನು ಉಳಿಸಲು ಕೂಡ ಅವರಿಗೆ ಒಂದು ಸುಳ್ಳೇ ಬೇಕಾಯಿತು. ನಾನೂ ಮಗಳೂ ಜೊತೆಗೇ ಹೋಗಿ ರೇಸು ಮುಗಿಯುವವರೆಗೆ ತವರಲ್ಲೇ ಉಳಿದೆವು. ರಾಮದುರ್ಗದಲ್ಲಿ ಹೊಸ ಪಿಸ್ಟನ್ ಕೂಡಿಸಿದರು, ಬೋರು ತಿಕ್ಕಿಸಿದರು, ಟ್ಯಾಂಕು ತೊಳೆಸಿದರು, ಬಂಕಿನ ಪೆಟ್ರೋಲು, ಬಂಕಿನ ಟೂ-ಟಿ. ಪಟ್ಟಿ ಬಿಚ್ಚಿದ ಕೈಯಿಂದಲೇ ಮಗಳು ಹ್ಯಾಂಡಲ್ ಹಿಡಿದಳು. ನಾನು ಬೇಡ ಎನ್ನಲಿಲ್ಲ. ಎನ್ನಬೇಕೆಂದು ತುಟಿಯವರೆಗೆ ಬಂದದ್ದನ್ನು ನುಂಗಿದೆ.

ಸಾಲಹಳ್ಳಿಯ ಬೀಳು ಹೊಲದ ಸುತ್ತ ಜನ ಬೇಲಿಯಂತೆ ನಿಂತಿದ್ದರು. ಧೂಳಿನಲ್ಲಿ ಗಾಡಿಗಳ ಬಣ್ಣವೇ ಕಾಣುತ್ತಿರಲಿಲ್ಲ. ಅವಳು ಒಬ್ಬಳೇ ಹುಡುಗಿ. ಎಂಜಿನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಶ್ರುತಿಯಲ್ಲಿ ಕೂಗಿತು, ನಾನು ಕಣ್ಣು ಮುಚ್ಚಿ ಅದನ್ನೇ ಕೇಳಿದೆ. ಕೊನೆಯ ಸುತ್ತಿನಲ್ಲಿ ತಿರುವಿನ ಮರಳಿನಲ್ಲಿ ಅವಳು ಜಾರಿ ಬಿದ್ದಳು. ಎದ್ದು, ಗಾಡಿ ಎತ್ತಿ, ಕಿಕ್ ಹೊಡೆದಳು. ಒಂದೇ ಕಿಕ್ಕಿಗೆ ಎದ್ದಿತು. ಎಲ್ಲರ ಹಿಂದೆ ಉಳಿದರೂ ಮುಗಿಸಿ ಬಂದಳು. ಕೆನ್ನೆ ಕೆರೆದಿತ್ತು, ಹಲ್ಲಿನ ತುಂಬ ಮಣ್ಣು.

"ಅವ್ವಾ, ಈ ಸಲ ಬಿದ್ದದ್ದು ನಾನಽ! ಬಗ್ಗೂದು ಜಾಸ್ತಿ ಆತು. ನನ್ನ ತಪ್ಪಽ!" ಎಂದು ನಗುತ್ತ ಕುಣಿದಳು. ತನ್ನ ತಪ್ಪನ್ನು ಹೀಗೆ ಹಬ್ಬದಂತೆ ಹೇಳಿಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮವರು ಟವೆಲ್ಲು ಹಿಡಿದುಕೊಂಡು ಓಡಿ ಬಂದರು. ಅವಳು ಟವೆಲ್ಲು ಇಸಿದುಕೊಂಡು ಮುಖ ತಾನೇ ಒರೆಸಿಕೊಂಡಳು.

ಗಾಡಿಯನ್ನು ತವರಲ್ಲೇ ಬಿಟ್ಟು ನಾವು ಬೈಲಹೊಂಗಲಕ್ಕೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಪಡಸಾಲೆಯಲ್ಲಿ ಭಾವನವರು, ಮಿಲ್ಲಿನ ಗುಮಾಸ್ತರು ಕೂತಿದ್ದರು, ನಮ್ಮವರೂ ಹೋಗಿ ಪಕ್ಕದಲ್ಲಿ ಕೂತರು. ಅತ್ತ ಮಿಲ್ಲು ಗಡಗಡ ತಿರುಗುತ್ತಿತ್ತು. ಭಾವನವರು ಮಗಳ ಕೆನ್ನೆ ನೋಡಿದರು.

"ಗಾಡಿ ಮಾರಿದ್ರೋ, ಮತ್ತ ಹತ್ತಿ ಬಿದ್ದಳೋ?"

"ರೇಸಿನ್ಯಾಗ ಬಿದ್ನಿ ದೊಡ್ಡಪ್ಪಾ," ಎಂದಳು ಮಗಳು ನೇರವಾಗಿ. "ಗಾಡಿ ಮಾರಿಲ್ಲ. ನಿಲ್ಲಲಿಲ್ಲ, ಛಲೋ ಓಡ್ತು."

"ಹೇಳಿದ್ದಿಲ್ಲೇನ?" ಭಾವನವರು ಗುಮಾಸ್ತರ ಕಡೆ ತಿರುಗಿ ತೊಡೆ ತಟ್ಟಿದರು. "ಗಾಡಿ ಛಲೋ ಐತಿ. ಓಡ್ಸೂ ಕೈನಽ ಖರಾಬು."

ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತಲ್ಲೇ ನಿಂತು ನಮ್ಮವರನ್ನು ನೋಡಿದೆ. ಅವರು ತಾಟನ್ನೇ ನೋಡುತ್ತ, ತುಟಿ ಅಲ್ಲಾಡಿಸಿ ಏನೋ ಅಂದರು. "ಎಣ್ಣಿ ನಮ್ಮದಿತ್ತು ಅಣ್ಣಾ," ಅಂದದ್ದು ನನಗೆ ಕೇಳಿಸಿತು, ನಾನು ಹತ್ತಿರವಿದ್ದೆ.

ಭಾವನವರು ಕಿವಿಗೆ ಕೈ ಇಟ್ಟರು. "ಏನಂದಿ?"

"ಏನಿಲ್ಲ," ಎಂದರು ನಮ್ಮವರು. "ಪಲ್ಯಾ ಛಲೋ ಆಗೇತಿ."

ನಮ್ಮ ಮನೆಯಲ್ಲಿ ಸೊಸೆಯಂದಿರು ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಬಾಗಿಲಿಗೋ ಗೋಡೆಗೋ ಹೇಳಿದಂತೆ ಹೇಳಬೇಕು. ನಾನು ಬುಟ್ಟಿ ಕೆಳಗಿಟ್ಟೆ. ಭಾವನವರ ಮುಖವನ್ನೇ ನೋಡಿ, ಮಿಲ್ಲಿನ ಸದ್ದಿಗಿಂತ ಮೇಲೆ ಹೇಳಿದೆ: "ನೀವು ಕ್ಯಾನಿಗೆ ಔಡಲೆಣ್ಣಿ ಹಾಕಿದ್ರಿ. ಟೂ-ಟಿ ಡಬ್ಬಿ ಲಾರಿಯವನಿಗೆ ಕೊಟ್ರಿ. ಮೂರೂ ಪಿಸ್ಟನ್ ಸುಟ್ಟದ್ದು ನಿಮ್ಮ ಎಣ್ಣಿ. ಡ್ಯಾಮಿನ ಮ್ಯಾಲೆ ಹುಡುಗಿ ಸಾಯೂದಿತ್ತು. ನಿಮ್ಮ ತಮ್ಮನವರಿಗೂ ಇದು ಗೊತ್ತಿತ್ತು, ಕೇಳ್ರಿ."

ಗುಮಾಸ್ತರು ನೀರು ಕುಡಿಯುವ ನೆಪದಲ್ಲಿ ಚೊಂಬು ಎತ್ತಿದರು. ಭಾವನವರು ತಮ್ಮನನ್ನು ಕೇಳಲಿಲ್ಲ. ತಾಟು ಪಕ್ಕಕ್ಕೆ ಸರಿಸಿ, "ಮನಿ ಎಣ್ಣಿ ಅದು. ಅದರಾಗ ವಿಷ ಇರಲಿಲ್ಲ," ಎಂದು ಕೈ ತೊಳೆದು, ವಲ್ಲಿ ಹೆಗಲಿಗೆ ಹಾಕಿಕೊಂಡು ಮಿಲ್ಲಿಗೆ ನಡೆದರು. ನಾನು ಹೇಳಿದ್ದು ಆ ಪಡಸಾಲೆ ದಾಟಲಿಲ್ಲ. ಅವರು ಹೇಳಿದ್ದು ಮಾತ್ರ ಮದುವೆ ಮುಂಜಿ ಎಲ್ಲ ತಿರುಗಿ, ಹೋಳಿಗೆಯ ಪಂಕ್ತಿಯವರೆಗೂ ಬಂದಿದೆ.

ಅವರು ಹೋದ ಮೇಲೆ ನಮ್ಮವರು ರೊಟ್ಟಿ ಮುರಿಯುತ್ತ ಕೂತರು. ಒಂದು ತುಣುಕು, ಅದರ ಪಕ್ಕ ಇನ್ನೊಂದು ತುಣುಕು. ತಾಟಿನಲ್ಲಿ ರೊಟ್ಟಿಯೆಲ್ಲ ಚೂರಾಯಿತು, ಒಂದು ಚೂರೂ ಬಾಯಿಗೆ ಹೋಗಲಿಲ್ಲ. ಮಗಳು ಅವರೆದುರು ಕೂತಳು. ಆಮೇಲೆ ಅಪ್ಪನ ತಾಟನ್ನು ತನ್ನ ಕಡೆ ಎಳೆದುಕೊಂಡು, ಆ ಚೂರುಗಳ ಮೇಲೆ ಮೊಸರು ಸುರಿದು, ಕಲಸಿ, ತಾನೇ ತಿನ್ನತೊಡಗಿದಳು.

ನನಗೆ ಅದಕ್ಕೂ ಸಿಟ್ಟೇ ಬಂತು.